ಕಾವಲಿಯ ಮೇಲಿನ ಪದರ

ಯಂತ್ರದ ಬಾಯಿಗೆ ಒಂದು ಖಾಲಿ ಚಿಪ್ಸ್ ಪೊಟ್ಟಣ ಹಾಕಿದರು. ಯಂತ್ರ ಅದನ್ನು ಅಗಿಯಲಿಲ್ಲ, ಅರೆಯಲಿಲ್ಲ, ಸುಡಲಿಲ್ಲ. ಒಳಗೆಲ್ಲೋ ತಂಬೂರಿಯ ತಂತಿ ಮಿಡಿದಂತೆ ಒಂದು ಸದ್ದಾಯಿತು, ಆಮೇಲೆ ಸದ್ದಿಲ್ಲ. ಆಚೆ ತುದಿಯಲ್ಲಿ ಮೂರು ತಟ್ಟೆಗಳು ಹೊರಬಂದವು. ಮೊದಲನೆಯದರಲ್ಲಿ ನೀರಿನಂತೆ ತಿಳಿಯಾದ ಪ್ಲಾಸ್ಟಿಕ್ ಹಾಳೆ. ಎರಡನೆಯದರಲ್ಲಿ ಉಸಿರು ತಾಗಿದರೆ ಹಾರಿಹೋಗುವಷ್ಟು ತೆಳುವಾದ ಅಲ್ಯೂಮಿನಿಯಂ. ಮೂರನೆಯದರಲ್ಲಿ ಪೊಟ್ಟಣದ ಮೇಲೆ ಅಚ್ಚಾಗಿದ್ದ ಸಿನಿಮಾ ನಟನ ಮುಖ. ಆಧಾರಕ್ಕೆ ಏನೂ ಇಲ್ಲದೆ ಬರೀ ಬಣ್ಣವಾಗಿ ನಗುತ್ತಿತ್ತು. ಸಭೆ ಚಪ್ಪಾಳೆ ತಟ್ಟಿತು. ಉದ್ಘಾಟನೆಗೆ ಬಂದಿದ್ದ ಮಂತ್ರಿಗಳು ಮಾತ್ರ ಮೆಲ್ಲಗೆ ಹಿಂದೆ ಸರಿದು ನಿಂತರು. ಪದರಪದರವಾಗಿ ಬಿಡಿಸುವ ಯಂತ್ರದ ಪಕ್ಕದಲ್ಲಿ ನಿಲ್ಲುವುದು ರಾಜಕೀಯದಲ್ಲಿರುವವರಿಗೆ ಅಷ್ಟೇನೂ ಕ್ಷೇಮವಲ್ಲ.

ಅದರ ಹೆಸರು ಪದರಗಳಚು ಯಂತ್ರ, ಎಂದರೆ ಪದರ ಕಳಚುವ ಯಂತ್ರ. ಬೇರೆ ಬೇರೆ ವಸ್ತುಗಳನ್ನು ಒಂದರ ಮೇಲೊಂದು ಅಂಟಿಸಿ ಹೊಸ ವಸ್ತು ಮಾಡುವುದನ್ನು ಮನುಷ್ಯ ಕಲಿತು ಬಹಳ ಕಾಲವಾಗಿತ್ತು. ಅಂಟಿಸಿದ್ದನ್ನು ಬಿಡಿಸುವುದನ್ನು ಮಾತ್ರ ಕಲಿತಿರಲಿಲ್ಲ. ಹಣ್ಣಿನ ರಸದ ಡಬ್ಬಿ, ಹಳೆಯ ಸೌರಫಲಕ, ಸತ್ತ ಬ್ಯಾಟರಿಯ ತಗಡು, ಇವೆಲ್ಲ ಊರ ಹೊರಗೆ ಗುಡ್ಡಗಳಾಗಿ ಬೆಳೆದಿದ್ದವು. ಕರಗಿಸಿದರೆ ಎಲ್ಲವೂ ಬೆರೆತು ಯಾವುದಕ್ಕೂ ಬಾರದಾಗುತ್ತಿತ್ತು. ಆಮ್ಲದಲ್ಲಿ ಅದ್ದಿದರೆ ವಸ್ತು ಉಳಿದು ಹಳ್ಳ ಸಾಯುತ್ತಿತ್ತು. ಈ ಯಂತ್ರಕ್ಕೆ ಬೆಂಕಿಯೂ ಬೇಡ, ಆಮ್ಲವೂ ಬೇಡ. ಅದು ವಸ್ತುವಿನ ಮೈಯೊಳಗೆ ಒಂದು ಸೂಕ್ಷ್ಮ ನಡುಕವನ್ನು ಹಾಯಿಸುತ್ತದೆ. ಪ್ರತಿ ಪದರವೂ ತನ್ನದೇ ರೀತಿಯಲ್ಲಿ ನಡುಗುತ್ತದೆ. ಎರಡು ನಡುಕಗಳು ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲಿ ಹಿಡಿತ ಸಡಿಲ. ಆ ಸಡಿಲಿಗೆ ಉರುಳೆಗಳು ನುಗ್ಗಿ, ಪದರವನ್ನು ಅಡ್ಡಕ್ಕೆ ಎಳೆದು ಜಾರಿಸುತ್ತವೆ.

“ಅಂಟಿಕೊಂಡಿರುವ ಯಾವುದೇ ಎರಡರ ನಡುವೆ ಒಂದು ಚಿಕ್ಕ ಮೌನ ಇರುತ್ತದೆ,” ಎಂದು ಯಂತ್ರವನ್ನು ಕಂಡುಹಿಡಿದ ಡಾ. ಮಂದಾಕಿನಿ ಮೈಕಿನಲ್ಲಿ ವಿವರಿಸಿದರು. “ನಮ್ಮ ಯಂತ್ರ ಆ ಮೌನವನ್ನು ಹುಡುಕಿ ಅಲ್ಲಿ ಬೆರಳಿಡುತ್ತದೆ, ಅಷ್ಟೆ.”

ಕೊನೆಯ ಸಾಲಿನಲ್ಲಿ ಕೂತಿದ್ದ ಮುರಿಗೆಪ್ಪ ಇದನ್ನು ಕೇಳಿ ಮೂಗು ಮುರಿದ. ಇಷ್ಟಕ್ಕೆ ಯಂತ್ರ ಬೇರೆ ಬೇಕೆ? ಅವನ ಅಪ್ಪ ತೀರಿಕೊಂಡಾಗ ನಾಲ್ವರು ಪಂಚರು ಒಂದು ಮಧ್ಯಾಹ್ನದಲ್ಲಿ ಇದೇ ಕೆಲಸವನ್ನು ಬರಿಗೈಯಲ್ಲಿ ಮಾಡಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಹೋಗಿದ್ದರು.

ಅಪ್ಪನದು ದಾವಣಗೆರೆಯ ಹಳೆಯ ಬೆಣ್ಣೆ ದೋಸೆ ಹೋಟೆಲು. ಮಕ್ಕಳಿಬ್ಬರು ಪಾಲಿಗೆ ಕೂತಾಗ ಪಂಚರು ತೂಗಿ ನೋಡಿ ತೀರ್ಪು ಕೊಟ್ಟರು: ದೊಡ್ಡವನಾದ ಮುರಿಗೆಪ್ಪನಿಗೆ ಕಾವಲಿ, ಚಿಕ್ಕವನಾದ ಉಜ್ಜಿನಪ್ಪನಿಗೆ ಬೋರ್ಡು. ನ್ಯಾಯವೇನೋ ಸಮವಾಗಿಯೇ ಇತ್ತು. ಉಜ್ಜಿನಪ್ಪ ಬೋರ್ಡನ್ನು ಹೊತ್ತುಕೊಂಡು ಹೋಗಿ ರಸ್ತೆಯ ಆಚೆ ಬದಿಗೆ ನೇತುಹಾಕಿದ. ಅದರ ಮೇಲೆ ‘ಮೂಲ ಬೆಣ್ಣೆ ದೋಸೆ’ ಎಂದಿತ್ತು. ಹರಿಹರದಲ್ಲಿ ಮುಚ್ಚಿಹೋಗಿದ್ದ ಯಾವುದೋ ಹೋಟೆಲಿನ ಕಾವಲಿ ತಂದು, ಇದು ಅಪ್ಪನ ಕಾವಲಿಗಿಂತಲೂ ಹಳೆಯದು ಎಂದು ಹೇಳಿಕೊಂಡ. ಮುರಿಗೆಪ್ಪ ತನ್ನ ಬದಿಯಲ್ಲಿ ಹೊಸ ಬೋರ್ಡು ಬರೆಸಿದ: ‘ನಿಜವಾದ ಮೂಲ ಬೆಣ್ಣೆ ದೋಸೆ’. ಪರವೂರಿನಿಂದ ಬಂದವರು ರಸ್ತೆಯ ನಡುವೆ ನಿಂತು, ಮೂಲಕ್ಕೂ ನಿಜವಾದ ಮೂಲಕ್ಕೂ ನಡುವೆ ದಿಕ್ಕುಗೆಟ್ಟು, ಲಾರಿಯ ಹಾರನ್ನು ಕೇಳಿ ಹತ್ತಿರವಿದ್ದ ಕಡೆಗೆ ಓಡುತ್ತಿದ್ದರು. ಅಣ್ಣ ತಮ್ಮ ಅಂದಿನಿಂದ ಮಾತಾಡಿರಲಿಲ್ಲ. ಮಾತಾಡದೆ ಇರುವುದಕ್ಕೂ ಒಂದು ಶಿಸ್ತು ಬೇಕು. ಅದು ಇಬ್ಬರಿಗೂ ಅಪ್ಪನಿಂದಲೇ ಬಂದಿತ್ತು.

ಆ ದಿನದ ಸಮಾರಂಭದಲ್ಲಿ ಮಂತ್ರಿಗಳಿಗೆ ದೋಸೆ ಬಂದದ್ದು ಉಜ್ಜಿನಪ್ಪನ ಹೋಟೆಲಿನಿಂದ. ಹಳೆಯ ಹತ್ತಿಗಿರಣಿಯ ಜಾಗದಲ್ಲಿ ಎದ್ದ ಆ ಭವ್ಯ ಮರುಬಳಕೆ ಕೇಂದ್ರದಲ್ಲಿ, ದೇಶದ ಕಸವೆಲ್ಲ ಸಂಪತ್ತಾಗುವುದೆಂದು ಭಾಷಣ ನಡೆಯುತ್ತಿದ್ದಾಗ, ಮುರಿಗೆಪ್ಪ ಒಂದು ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ತಮ್ಮನ ದೋಸೆಯನ್ನು ಮಂತ್ರಿಗಳು ಎರಡನೆಯ ಸಲ ಹಾಕಿಸಿಕೊಳ್ಳುವುದನ್ನು ನೋಡುತ್ತ ಕೂತಿದ್ದ.

ಕೇಂದ್ರವನ್ನು ನಡೆಸುತ್ತಿದ್ದ ಪದರ ನಿಗಮಕ್ಕೂ ಅದರದೇ ದುಃಖವಿತ್ತು. ಕಸ ಬಿಡಿಸಿದ್ದಕ್ಕೆ ಯಾರೂ ಶಾಲು ಹೊದೆಸುವುದಿಲ್ಲ. ಕೀರ್ತಿ ಇದ್ದದ್ದು ಏಕಪದರ ಇಂಗಾಲದಲ್ಲಿ. ಪೆನ್ಸಿಲಿನ ಸೀಸವೆಂದರೆ ಇಂಗಾಲದ ಹಾಳೆಗಳ ಒಂದು ಕಟ್ಟು. ಅದರಿಂದ ಒಂದೇ ಒಂದು ಹಾಳೆಯನ್ನು, ಒಂದೇ ಪರಮಾಣುವಿನಷ್ಟು ದಪ್ಪದ್ದನ್ನು, ಹರಿಯದಂತೆ ಎಬ್ಬಿಸಿದರೆ ಅದು ಉಕ್ಕಿಗಿಂತ ಗಟ್ಟಿ, ತಾಮ್ರಕ್ಕಿಂತ ಚುರುಕು. ಸಮುದ್ರದ ಉಪ್ಪನ್ನೇ ಸೋಸಿ ಸಿಹಿನೀರು ಕೊಡುವ ಜರಡಿಯನ್ನು ಅದರಿಂದ ಮಾಡಬಹುದಿತ್ತು. ಆದರೆ ಲೋಕದ ಯಾವ ಪ್ರಯೋಗಾಲಯದಲ್ಲೂ ಆ ಹಾಳೆ ಉಗುರಿಗಿಂತ ದೊಡ್ಡದಾಗಿ ಎದ್ದು ಬಂದಿರಲಿಲ್ಲ. ಡಾ. ಮಂದಾಕಿನಿಯವರ ಯಂತ್ರ ಎಬ್ಬಿಸಲು ಸಿದ್ಧವಿತ್ತು. ಎಬ್ಬಿಸಬಹುದಾದಷ್ಟು ಅಗಲವಾಗಿ ಯಾವ ಇಂಗಾಲವೂ ಮಲಗಿರಲಿಲ್ಲ.

ಇಂಥ ಚಿಂತೆಯಲ್ಲಿ ಅವರು ಒಂದು ಬೆಳಿಗ್ಗೆ ಮುರಿಗೆಪ್ಪನ ಹೋಟೆಲಿಗೆ ಬಂದು, ಒಲೆಯ ಎದುರಿನ ಬೆಂಚಿನ ಮೇಲೆ ಕೂತರು. ಮೈಸೂರಿನವರು, ದೋಸೆಯ ಬಗ್ಗೆ ತಮ್ಮೂರಿಗೂ ಅಭಿಪ್ರಾಯಗಳಿವೆ ಎನ್ನುವ ಮುಖಭಾವ ಇತ್ತು. ಮುರಿಗೆಪ್ಪ ಹಿಟ್ಟು ಹುಯ್ದ, ಹರಡಿದ, ಬೆಣ್ಣೆ ಇಟ್ಟ. ಬೆಂದ ದೋಸೆ ಅಂಚಿನಿಂದ ತಾನೇ ಎದ್ದು, ಮೈಮುರಿದು, ಕಾವಲಿಯನ್ನು ಬಿಟ್ಟು ನಿಂತಿತು. ಡಾಕ್ಟರು ಎದ್ದೇ ನಿಂತುಬಿಟ್ಟರು.

“ಇದು ಹೇಗೆ ಎದ್ದಿತು?”

“ಬೆಂದ್ರೆ ಏಳ್ತತಿ ಮೇಡಮ್ಮೋರೆ.”

“ಅಲ್ಲ, ನೀವು ಕೆರೆಯಲೇ ಇಲ್ವಲ್ಲ!”

“ಕೆರೆಯಾಕೆ ಇದೇನ್ ಗಡ್ಡ ಏನ್ರಿ?” ಎಂದ ಮುರಿಗೆಪ್ಪ. ಬೆಂಚಿನ ಮೇಲಿದ್ದವರು ನಕ್ಕರು.

ಡಾಕ್ಟರು ನಗಲಿಲ್ಲ. ಚೀಲದಿಂದ ಪೆನ್ನಿನಂಥ ಉಪಕರಣ ತೆಗೆದು ಕಾವಲಿಯ ಅಂಚಿಗೆ ತಾಗಿಸಿದರು. ಅದರ ಪರದೆಯನ್ನು ಬಹಳ ಹೊತ್ತು ನೋಡಿದರು. ತರಿಸಿಕೊಂಡ ದೋಸೆ ತಣ್ಣಗಾಯಿತು. ಮುರಿಗೆಪ್ಪನ ಹೋಟೆಲಿನಲ್ಲಿ ದೋಸೆ ತಣ್ಣಗಾಗಲು ಬಿಡುವುದು ಬೈಗುಳಕ್ಕೆ ಸಮ. ಆದರೆ ಅವರ ಮುಖ ನೋಡಿ ಅವನು ಸುಮ್ಮನಾದ.

“ಯಜಮಾನ್ರೇ, ನಿಮ್ಮ ಕಾವಲಿ ಮೇಲೆ ಏನಿದೆ ಗೊತ್ತಾ? ಇಂಗಾಲದ ಹಾಳೆಗಳು. ಕಬ್ಬಿಣದ ಮೇಲೆ ಬೆಣ್ಣೆ ಕಾದು ಕಾದು, ಒಂದೇ ಹದದ ಸೌದೆ ಬೆಂಕಿಗೆ, ಒಂದರ ಮೇಲೊಂದು ಹಾಸಿಕೊಂಡು ಕೂತಿವೆ. ಕಾವಲಿಯಷ್ಟೇ ಅಗಲವಾಗಿ! ಒಂದು ಬಿರುಕಿಲ್ಲ.”

“ಸೀದದ್ದು ಅನ್ರಿ ಮತ್ತೆ.”

“ಸೀದದ್ದೇ. ಆದರೆ ತಲೆಮಾರುಗಟ್ಟಲೆ ಶಿಸ್ತಾಗಿ ಸೀದದ್ದು.” ಅವರು ಮತ್ತೆ ಬೆಂಚಿನ ತುದಿಗೆ ಕೂತರು. “ನನಗೆ ಆ ಪದರ ಬೇಕು. ಕಾವಲಿ ಸಂಜೆಯೊಳಗೆ ವಾಪಸ್ಸು ಕೊಡ್ತೀನಿ. ಕಬ್ಬಿಣಕ್ಕೆ ಒಂದು ಗೀರೂ ಬೀಳಲ್ಲ.”

ಮುರಿಗೆಪ್ಪ ಮಾತಾಡುವ ಮುಂಚೆ, ಚಟ್ನಿ ಬಡಿಸುತ್ತಿದ್ದ ಅವನ ಹೆಂಡತಿ ಹಾಲಮ್ಮ ಅಲ್ಲಿಂದಲೇ ಹೇಳಿದಳು: “ಬೇಕಾದ್ರೆ ನನ್ನನ್ನೇ ಕೇಳ್ರಿ, ಇವ್ರು ಕೊಟ್ಟು ಕಳಿಸ್ತಾರೆ. ಕಾವಲಿ ಮಾತ್ರ ಕೊಡಾಂಗಿಲ್ಲ.”

“ಹೂಂನ್ರಿ, ಆಗಾಂಗಿಲ್ಲ,” ಎಂದು ಮುರಿಗೆಪ್ಪನೂ ತಲೆಯಾಡಿಸಿದ. ಅವಳ ಎರಡು ಮಾತಿನಲ್ಲಿ ಯಾವುದಕ್ಕೆ ತಲೆಯಾಡಿಸಿದ ಎಂಬುದನ್ನು ಹಾಲಮ್ಮ ವಿಚಾರಿಸಲಿಲ್ಲ.

ಡಾಕ್ಟರು ನಿಟ್ಟುಸಿರಿಟ್ಟು ಚೀಲ ಮುಚ್ಚಿದರು. ಹೊರಡುತ್ತ, ಯಾವ ಉದ್ದೇಶವೂ ಇಲ್ಲದೆ, ವಿಜ್ಞಾನಿಗಳು ಮಾತಾಡುವಂತೆ ತಮ್ಮಷ್ಟಕ್ಕೇ ಹೇಳಿಕೊಂಡರು: “ಮರದ ಕಾಂಡದ ಉಂಗುರ ಎಣಿಸಿದ ಹಾಗೆ ಇದರ ಪದರ ಎಣಿಸಬಹುದಿತ್ತು. ಯಾವ ಕಾವಲಿ ಎಷ್ಟು ಹಳೆಯದು ಅಂತ ಕರಾರುವಾಕ್ಕಾಗಿ ಗೊತ್ತಾಗ್ತಿತ್ತು.”

ಮುರಿಗೆಪ್ಪನ ಕೈ ಹಿಟ್ಟಿನ ಪಾತ್ರೆಯ ಮೇಲೆ ನಿಂತಿತು. ಒಲೆಯಲ್ಲಿ ಸೌದೆ ಚಿಟಿಲೆಂದಿತು. ಅವನ ಕಣ್ಣು ರಸ್ತೆ ದಾಟಿ ಆಚೆಯ ಬೋರ್ಡಿನ ಮೇಲೆ ಹೋಗಿ ಕೂತಿತು. ಅವನು ಏನೂ ಹೇಳಲಿಲ್ಲ. ಆದರೆ ಹಾಲಮ್ಮ ಚಟ್ನಿಯ ಬಕೆಟ್ಟನ್ನು ನೆಲಕ್ಕಿಟ್ಟು ಹಣೆಗೆ ಕೈ ಹಚ್ಚಿಕೊಂಡಳು. ಮದುವೆಯಾದಂದಿನಿಂದ ಗಂಡನ ಮಾತಿಗಿಂತ ಅವನ ಸುಮ್ಮನಿರುವಿಕೆಯಿಂದಲೇ ಅವಳಿಗೆ ಹೆಚ್ಚು ಲುಕ್ಸಾನಾಗಿತ್ತು.

“ಬರಹದಾಗೆ ಕೊಡ್ತೀರೇನು?” ಎಂದು ಕೇಳಿದ ಮುರಿಗೆಪ್ಪ.

“ಏನನ್ನು?”

“ನಂದು ಹಳೇದು ಅಂತ.”

ಆ ರಾತ್ರಿ ಹಾಲಮ್ಮ ಒಂದೇ ಪ್ರಶ್ನೆ ಕೇಳಿದಳು. “ಅದನ್ನ ಸುಲಿದ ಮ್ಯಾಲೆ ದೋಸೆ ಏಳ್ತತೇನು?”

“ಏಳಿಸೋದು ಕಾವಲಿ ಏನೇ, ಹುಚ್ಚಿ? ಕೈಗುಣ ಕಣೇ, ಕೈಗುಣ,” ಎಂದು ಮುರಿಗೆಪ್ಪ ತನ್ನ ಬಲಗೈಯನ್ನು ಎತ್ತಿ ತೋರಿಸಿದ. ಊರಿಗೆ ಊರೇ ಅವನ ಕೈಗುಣವನ್ನು ಹೊಗಳಿತ್ತು. ಅಷ್ಟು ಜನ ಹೇಳಿದ್ದನ್ನು ನಂಬದೇ ಇರುವಷ್ಟು ಅಹಂಕಾರಿ ಅವನಲ್ಲ.

ಕೇಂದ್ರದಲ್ಲಿ ಪದರ ಎಬ್ಬಿಸುವ ದಿನ ಬಂತು. ಯಂತ್ರ ಎಂದಿನಂತೆ ಮಿಡಿಯಿತು, ಸುಮ್ಮನಾಯಿತು, ಆಮೇಲೆ ಉರುಳೆಯ ಮೇಲೆ ಒಂದು ನೆರಳು ಬಂದು ಮಲಗಿತು. ವಸ್ತುವಿಲ್ಲದ ನೆರಳು, ಕಾವಲಿಯಷ್ಟೇ ಅಗಲ, ಕಾವಲಿಯಷ್ಟೇ ದುಂಡಗೆ. ಅದರ ಮೂಲಕ ಆಚೆ ಬದಿಯ ದೀಪ ಕೊಂಚ ಮಬ್ಬಾಗಿ ಕಾಣುತ್ತಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಡಾಕ್ಟರ ಕಣ್ಣಲ್ಲಿ ನೀರು ಬಂತು. ಮುರಿಗೆಪ್ಪನ ಕಣ್ಣಲ್ಲೂ ಬಂತು: ಅವನ ಕೈಯಲ್ಲಿ ನಿಗಮದ ಮುದ್ರೆಯಿದ್ದ ಹಳಮೆಯ ಪ್ರಮಾಣಪತ್ರ ಇತ್ತು. ಅದನ್ನು ಕಟ್ಟುಹಾಕಿಸಿ, ಗಲ್ಲಾಪೆಟ್ಟಿಗೆಯ ಮೇಲಲ್ಲ, ರಸ್ತೆಯ ಕಡೆ ಮುಖ ಮಾಡಿ ನೇತುಹಾಕಿದ.

ಉಜ್ಜಿನಪ್ಪ ಒಂದು ದಿನ ಸಹಿಸಿದ. ಮರುದಿನ ತನ್ನ ಕಾವಲಿಯನ್ನು ಆಟೋಗೆ ಹಾಕಿಸಿದ. ಅವನಿಗೂ ಪ್ರಮಾಣಪತ್ರ ಬಂತು. ಪದರಗಳಲ್ಲಿ ಯಾರದು ಹೆಚ್ಚು ಎನ್ನುವುದಕ್ಕೆ ಡಾಕ್ಟರು, “ಎರಡೂ ಬಹಳ ಹಳೆಯವು, ಅಳತೆಯ ತಪ್ಪಿನ ಮಿತಿಯೊಳಗೆ ಸಮ,” ಎಂದು ವಿಜ್ಞಾನದ ಭಾಷೆಯಲ್ಲಿ ಉತ್ತರಿಸಿದ್ದರು. ಅದನ್ನು ಅಣ್ಣ ಅಣ್ಣನಿಗೆ ಬೇಕಾದಂತೆ ಓದಿಕೊಂಡ, ತಮ್ಮ ತಮ್ಮನಿಗೆ ಬೇಕಾದಂತೆ. ಆಮೇಲೆ ಊರಿನ ಉಳಿದ ಹೋಟೆಲಿನವರು ಸುಮ್ಮನಿರುವುದು ಹೇಗೆ? ಪ್ರಮಾಣಪತ್ರ ಇಲ್ಲದವನು ನಿನ್ನೆ ಮೊನ್ನೆ ಒಲೆ ಹಚ್ಚಿದವನೆಂದಾಯಿತಲ್ಲ! ಆಟೋಗಳು, ತಳ್ಳುಗಾಡಿಗಳು, ತಲೆಯ ಮೇಲೆ ಸಿಂಬೆ ಇಟ್ಟು ಕಾವಲಿ ಹೊತ್ತವರು ಗಿರಣಿಯ ಜಾಗದ ಮುಂದೆ ಸಾಲು ನಿಂತರು. ವಾರ ಕಳೆಯುವಷ್ಟರಲ್ಲಿ ದಾವಣಗೆರೆಯ ಒಂದೊಂದು ದೋಸೆ ಹೋಟೆಲೂ ಅಧಿಕೃತವಾಗಿ ಪ್ರಾಚೀನವಾಗಿತ್ತು. ಮತ್ತು ಊರಿನ ಒಂದೊಂದು ಕಾವಲಿಯೂ ಆಗತಾನೇ ಹುಟ್ಟಿದ ಕೂಸಿನಂತೆ ಬೆತ್ತಲೆಯಾಗಿ, ಬೆಳ್ಳಗೆ ಹೊಳೆಯುತ್ತಿತ್ತು.

ದೋಸೆ ಏಳಲಿಲ್ಲ.

ಕಾವಲಿ ವಾಪಸ್ಸು ಬಂದ ದಿನದಿಂದಲೇ ಹೀಗೆ; ಎದುರಿನವನಿಗೆ ತಿಳಿದರೆ ಮರ್ಯಾದೆ ಹೋದೀತೆಂದು ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಮುರಿಗೆಪ್ಪ ಮೊದಲು ಹಿಟ್ಟನ್ನು ಬೈದ. ಆಮೇಲೆ ಸೌದೆಯನ್ನು ಬೈದ. ಆಮೇಲೆ ಈರುಳ್ಳಿಯ ಹೋಳಿನಿಂದ ಕಾವಲಿಯನ್ನು ತಿಕ್ಕಿ, ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಮತ್ತೆ ಹುಯ್ದ. ದೋಸೆ ಕಬ್ಬಿಣವನ್ನು ತಬ್ಬಿಕೊಂಡು ಮಲಗಿತು. ಕೆರೆದರೆ ತುಂಡಾಯಿತು, ಇನ್ನೂ ಕೆರೆದರೆ ಪುಡಿಯಾಯಿತು. ಕೈಗುಣವಿದ್ದ ಕೈ ಅದೇ, ತಿರುವುತ್ತಿದ್ದ ಮಣಿಕಟ್ಟೂ ಅದೇ. ಅವನು ತನ್ನ ಬಲಗೈಯನ್ನು ಪರಕೀಯನ ಕೈ ನೋಡುವಂತೆ ನೋಡಿದ.

ದಿನಾ ಬರುತ್ತಿದ್ದ ನಿವೃತ್ತ ಮೇಷ್ಟ್ರು ಕರಿಬಸಯ್ಯ ತಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳಿದರು: “ಏನಪಾ ಮುರಿಗೆಪ್ಪ, ಉಪ್ಪಿಟ್ಟು ಶುರು ಮಾಡಿದೇನು?”

“ದೋಸೆ ರೀ ಅದು.”

“ಹಂಗಾ? ಎಲ್ಲರ ಮನೆ ದೋಸೆನೂ ತೂತೇ ಅಂತಾರೆ. ನಿಂದು ತೂತಿನಾಗೆ ಅಷ್ಟಿಷ್ಟು ದೋಸೆ ಸಿಗ್ತತಲ್ಲೋ.”

ರಸ್ತೆಯಾಚೆಯೂ ಇದೇ ಕಥೆ ಎಂದು ತಿಳಿದು ಮುರಿಗೆಪ್ಪನಿಗೆ ಒಂದು ಗಳಿಗೆ ಸಮಾಧಾನವಾಯಿತು. ಊರಿಗೆ ಊರೇ ಹೀಗಾಗಿದೆ ಎಂದು ತಿಳಿದಾಗ ಆ ಸಮಾಧಾನವೂ ಹೋಯಿತು. ಅಂಟದ ಲೇಪನದ ಬಾಣಲೆಗಳನ್ನು ಆರೋಗ್ಯಕ್ಕೆ ಹಾನಿಯೆಂದು ಸರ್ಕಾರ ಎಂದೋ ನಿಷೇಧಿಸಿತ್ತು. ಉಳಿದಿದ್ದುದು ಈ ಹಳೆಯ ಕಪ್ಪು ಒಂದೇ. ಅದನ್ನು ತಾವೇ ಸಾಲು ನಿಂತು ಕೊಟ್ಟು ಬಂದಿದ್ದರು.

ಮುರಿಗೆಪ್ಪ ಕೇಂದ್ರಕ್ಕೆ ಹೋದ. ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು ಹೇಳಿದ: “ಇದನ್ನ ಇಟಗಳ್ರಿ. ನನ್ನ ಕಪ್ಪು ನನಗೆ ಕೊಡ್ರಿ.”

ಡಾ. ಮಂದಾಕಿನಿ ಪ್ರಮಾಣಪತ್ರವನ್ನು ಅವನ ಕಡೆಗೇ ಸರಿಸಿದರು. “ಬಿಡಿಸೋ ಯಂತ್ರ ಮಾಡಿದೀನಿ ಯಜಮಾನ್ರೇ. ವಾಪಸ್ಸು ಅಂಟಿಸೋದು ನನಗೆ ಗೊತ್ತಿಲ್ಲ.”

“ದೋಸೆ ಏಳ್ತಿದ್ದಿದ್ದು ಅದರಿಂದ ಅಂತ ಮೊದ್ಲೇ ಗೊತ್ತಿತ್ತೇನು ನಿಮಗೆ?”

“ಇಲ್ಲ. ನಾನು ಪದರ ನೋಡಿದೆ. ದೋಸೆ ನೋಡಲಿಲ್ಲ. ನಿಮಗೆ?”

ಮುರಿಗೆಪ್ಪ ಕೈಗುಣದ ಮಾತು ಎತ್ತಲಿಲ್ಲ. ಗೋಡೆಯಾಚೆ ಯಂತ್ರ ಯಾರದೋ ಹಳೆಯ ಸೌರಫಲಕವನ್ನು ಗಾಜೆಂದೂ ಬೆಳ್ಳಿಯೆಂದೂ ಬೇರ್ಪಡಿಸುತ್ತಿತ್ತು.

“ಮತ್ತೆ ಬೆಳೆಯುತ್ತೆ,” ಎಂದರು ಡಾಕ್ಟರು ಕೊನೆಗೆ. “ಹುಯ್ತಾ ಇರಿ. ಬೆಣ್ಣೆ, ಬೆಂಕಿ, ಹಿಟ್ಟು. ಮೊದಲಿನಷ್ಟು ದಪ್ಪ ಆಗೋಕೆ ತಲೆಮಾರು ಬೇಕು. ದೋಸೆ ಏಳುವಷ್ಟು ಆಗೋಕೆ ಕೆಲವು ತಿಂಗಳು ಸಾಕು.”

ಆ ಮಾತು ಮುರಿಗೆಪ್ಪನ ಕಿವಿಗೆ ಮಾತ್ರ ಬಿದ್ದಿದ್ದರೆ ಚೆನ್ನಾಗಿತ್ತು. ನಿಗಮದ ಕಿವಿಗೂ ಬಿತ್ತು.

ಕಾವಲಿಯ ಹಾಳೆ ಅಷ್ಟರಲ್ಲಿ ಲೋಕಪ್ರಸಿದ್ಧವಾಗಿತ್ತು. ಸಿಹಿನೀರಿನ ಜರಡಿಯ ಮಾತು ಎರಡು ಭಾಷಣಗಳ ಮಟ್ಟಿಗೆ ಬದುಕಿತು. ಆಮೇಲೆ ಹಾಳೆಯೆಲ್ಲ ಮಡಚುವ ಫೋನಿನ ಪರದೆಗೆ ಹೋಯಿತು. ಆ ಪರದೆಗಳ ಮೇಲೆ ದೇಶದ ಜನ, ಹಿಂದಿನ ಕಾಲದಲ್ಲಿ ದಾವಣಗೆರೆಯಲ್ಲಿ ದೋಸೆ ತಾನಾಗಿ ಏಳುತ್ತಿದ್ದ ವಿಡಿಯೋಗಳನ್ನು ಆಸೆಯಿಂದ ನೋಡಿದರು. ಬೇಡಿಕೆ ಹೆಚ್ಚಿತು. ನಿಗಮದ ಕಾನೂನು ವಿಭಾಗ ಒಂದು ಸೂಕ್ಷ್ಮವನ್ನು ಕಂಡುಹಿಡಿಯಿತು: ನೆಲ ರೈತನದಾದರೂ ನೆಲದೊಳಗಿನ ಖನಿಜ ಸರ್ಕಾರದ್ದು. ಹಾಗೆಯೇ ಕಾವಲಿ ಹೋಟೆಲಿನವನದು, ಕಾವಲಿಯ ಮೇಲಿನ ಇಂಗಾಲ ರಾಷ್ಟ್ರದ್ದು. ದೋಸೆ ಹುಯ್ಯುವವರೆಲ್ಲ ಇಷ್ಟು ಕಾಲ ಪರವಾನಗಿಯಿಲ್ಲದೆ ಗಣಿಗಾರಿಕೆ ನಡೆಸಿದ್ದರು. ದೊಡ್ಡ ಮನಸ್ಸಿನಿಂದ ಅವರನ್ನು ಕ್ಷಮಿಸಲಾಗಿದೆ. ಇನ್ನು ಮುಂದೆ ದೋಸೆ ಏಳುವಷ್ಟು ಪದರ ಬೆಳೆದ ಕಾವಲಿಯನ್ನು ‘ಕೊಯ್ಲಿಗೆ ಬಂದದ್ದು’ ಎಂದು ತಿಳಿದು ಸುಲಿಯಲಾಗುವುದು. ಪರೀಕ್ಷೆಗೆ ದುಬಾರಿ ಉಪಕರಣ ಬೇಡ: ಒಂದು ದೋಸೆ ಹುಯ್ದು ನೋಡಿದರೆ ಸಾಕು. ಎದ್ದರೆ ಕೊಯ್ಲು. ಅಂಟಿದರೆ ಬೆಳೆಯಲು ಇನ್ನಷ್ಟು ಗಡುವು.

ಬೆಳವಣಿಗೆ ಚುರುಕಾಗಲೆಂದು, ಗಿರಾಕಿ ಇರಲಿ ಬಿಡಲಿ ಹುಯ್ಯುತ್ತಲೇ ಇರಬೇಕೆಂಬ ಆದೇಶವೂ ಬಂತು. ಊರ ತುಂಬ ಹರಕು ದೋಸೆಯ ರಾಶಿ ಬಿತ್ತು. ಕಸವನ್ನು ಇಲ್ಲವಾಗಿಸಲು ಕಟ್ಟಿದ ಕೇಂದ್ರದ ಗೇಟಿನ ಮುಂದೆ ಲಾರಿಗಳು ದೋಸೆ ಸುರಿದು ಹೋದವು. ಯಾರೋ ಬುದ್ಧಿವಂತರು ಅದನ್ನೂ ಯಂತ್ರಕ್ಕೆ ಹಾಕಿ, ಅಕ್ಕಿ ಬೇರೆ ಉದ್ದು ಬೇರೆ ಬೆಣ್ಣೆ ಬೇರೆ ಮಾಡಲು ನೋಡಿದರು. ಯಂತ್ರ ರಾತ್ರಿಯೆಲ್ಲ ಮಿಡಿಯಿತು. ಅಕ್ಕಿ ಉದ್ದುಗಳು ಹುದುಗಿ ಒಂದಾಗಿಬಿಟ್ಟಿದ್ದವು. ಅವುಗಳ ನಡುವೆ ಹುಡುಕಲು ಯಾವ ಮೌನವೂ ಉಳಿದಿರಲಿಲ್ಲ.

ಮುರಿಗೆಪ್ಪನ ಕಾವಲಿ ಮಳೆಗಾಲದ ಹೊತ್ತಿಗೆ ಮತ್ತೆ ಕಪ್ಪಾಯಿತು. ಒಂದು ಬೆಳಿಗ್ಗೆ ದೋಸೆಯ ಒಂದು ಅಂಚು ಎದ್ದಿತು. ಹಾಲಮ್ಮ ಓಡಿ ಬಂದು ನೋಡಿದಳು. ಮರುದಿನ ಅರ್ಧ ದೋಸೆ ಎದ್ದಿತು. ಮೂರನೆಯ ದಿನ ಇಡೀ ದೋಸೆ ಎದ್ದು ನಿಂತು, ಕರಿಬಸಯ್ಯ ಮೇಷ್ಟ್ರು ಎರಡು ತಿಂದು ಮೂರನೆಯದಕ್ಕೆ ಕೈಚಾಚುವಷ್ಟರಲ್ಲಿ ನಿಗಮದ ಜೀಪು ಬಂದು ನಿಂತಿತು. ಸಂಜೆಗೆ ಕಾವಲಿ ಬೆತ್ತಲೆಯಾಗಿ ಮನೆಗೆ ಬಂತು. ಆ ರಾತ್ರಿ ಮುರಿಗೆಪ್ಪ ಊಟ ಮಾಡಲಿಲ್ಲ. ಹಾಲಮ್ಮ ಬೈಯಲೂ ಇಲ್ಲ; ಅದು ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಇನ್ನು ಬದುಕಿರುವಷ್ಟು ಕಾಲ ಅವನು ಹರಕು ದೋಸೆಯನ್ನೇ ಹುಯ್ಯಬೇಕಾಗಿತ್ತು; ದೋಸೆ ಎದ್ದ ದಿನವೇ ಪದರ ಹೋಗಿ ಮತ್ತೆ ಮೊದಲಿನಿಂದ ಶುರು.

ಮತ್ತೊಮ್ಮೆ ಕಾವಲಿ ಕಪ್ಪಾಗುತ್ತಿದ್ದ ಕಾಲ. ಮಧ್ಯಾಹ್ನ ಹೋಟೆಲಿನಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ನೆರಳು ಬಿತ್ತು. ತಲೆಯೆತ್ತಿದರೆ ಉಜ್ಜಿನಪ್ಪ.

ಒಂದು ರಸ್ತೆಯ ಅಗಲವನ್ನು ದಾಟಲು ಅವನಿಗೆ ಇಷ್ಟು ವರ್ಷ ಹಿಡಿದಿತ್ತು. ದಣಿದವನಂತೆ ಬೆಂಚಿನ ಮೇಲೆ ಕೂತ. ಮುರಿಗೆಪ್ಪ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹಾಲಮ್ಮ ನೀರು ತಂದಿಟ್ಟಳು. ಉಜ್ಜಿನಪ್ಪ ಅದನ್ನು ಕುಡಿದು ಮುಗಿಸಿದ.

“ನಾಡಿದ್ದು ಜೀಪು ಬರ್ತತಂತೆ,” ಎಂದ ಉಜ್ಜಿನಪ್ಪ, ಲೋಟವನ್ನು ನೋಡುತ್ತ.

“ಹೂಂ.”

“ನಿಂದು ಎದ್ದತೇನು?”

ಮುರಿಗೆಪ್ಪ ಕಾವಲಿಯನ್ನು ಬಟ್ಟೆಯಿಂದ ಒರೆಸತೊಡಗಿದ. ಈ ಪ್ರಶ್ನೆಗೆ ತಮ್ಮನ ಎದುರು ಇಲ್ಲ ಎನ್ನುವುದು ಅವನ ನಾಲಿಗೆಗೆ ಆಗದ ಕೆಲಸ.

“ನಂದು ನಿನ್ನೆ ಎದ್ದತಿ,” ಎಂದ ತಮ್ಮ ಮೆಲ್ಲಗೆ, ಮನೆಯಲ್ಲಿ ಯಾರಿಗೋ ಕಾಯಿಲೆ ಎನ್ನುವ ಧ್ವನಿಯಲ್ಲಿ. “ಹಿಟ್ಟಿಗೆ ಚೂರು ಬೆಲ್ಲ ಕಲಸು. ಕಾವಲಿ ಕಾಯೋ ಮುಂಚೆನೇ ಹುಯ್ಯಿ. ಅಂಟಿಕೊಂತತಿ.”

“ಬೆಲ್ಲ?”

“ಜಾಸ್ತಿ ಬ್ಯಾಡ, ವಾಸನೆ ಹೊಡಿತತಿ. ಅಷ್ಟಾದ್ರೂ ಎದ್ರೆ ಒಲೆಯಿಂದ ಸೌದೆ ಎಳೆದುಬಿಡು.”

“ಬೆಣ್ಣೆ?”

“ಹುಯ್ದ ಮ್ಯಾಲೆ ಹಾಕು. ಮುಂಚೆ ಹಾಕಬ್ಯಾಡ.”

ಬೆಣ್ಣೆ ಎಷ್ಟು, ಉದ್ದು ಎಷ್ಟು, ಮಂಡಕ್ಕಿ ಎಷ್ಟು ಎಂಬ ಒಳ್ಳೆಯ ದೋಸೆಯ ಗುಟ್ಟನ್ನು ಅಪ್ಪ ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದ. ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಬಿಟ್ಟುಕೊಡದೆ ಕಾಪಾಡಿದ್ದರು. ಕೆಟ್ಟ ದೋಸೆಯ ಗುಟ್ಟನ್ನು ಈಗ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಒಂದು ಹನಿ ಬಿಡದಂತೆ ಹಂಚಿಕೊಂಡರು. ಬಾಗಿಲ ತನಕ ಹೋದ ಉಜ್ಜಿನಪ್ಪ ತಿರುಗಿ, “ಅತ್ತಿಗೆ, ನೀರು ತಣ್ಣಗಿತ್ತು,” ಎಂದಷ್ಟೇ ಹೇಳಿ ರಸ್ತೆ ದಾಟಿದ.

ಪರೀಕ್ಷೆಯ ಬೆಳಿಗ್ಗೆ ಕೊಯ್ಲು ಅಧಿಕಾರಿಯ ಜೊತೆಗೆ ಡಾ. ಮಂದಾಕಿನಿಯವರೂ ಜೀಪಿನಿಂದ ಇಳಿದರು. ಅವರು ಸೊರಗಿದ್ದರು. ಹೋಟೆಲಿನಲ್ಲಿ ಹುಬ್ಬಳ್ಳಿಯಿಂದ ಬಂದಿದ್ದ ಒಂದು ಸಂಸಾರ ದೋಸೆಗಾಗಿ ಕಾಯುತ್ತಿತ್ತು. ಅಧಿಕಾರಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಲಾರಿ ಕಳಿಸಲು ಹೇಳುತ್ತಿದ್ದ. ಡಾಕ್ಟರು ಒಲೆಯ ಎದುರಿನ ಬೆಂಚಿನಲ್ಲಿ ಕೂತರು.

ಮುರಿಗೆಪ್ಪ ಬೆಲ್ಲದ ಹಿಟ್ಟನ್ನು ತಣ್ಣನೆಯ ಕಾವಲಿಗೆ ಹುಯ್ದ. ಒಲೆಯಿಂದ ಸೌದೆ ಎಳೆದ. ಬೆಣ್ಣೆಯನ್ನು ತಡವಾಗಿ ಹಾಕಿದ. ಅಪ್ಪ ಕಲಿಸಿದ್ದೆಲ್ಲವನ್ನೂ ಒಂದೊಂದಾಗಿ ಮುರಿದ. ಆದರೂ ದೋಸೆ, ತುಂಬಿದ ಸಭೆಯಲ್ಲಿ ಸತ್ಯ ಹೇಳಲೇಬೇಕೆಂದು ಹಟ ಹಿಡಿದ ಮೂರ್ಖನಂತೆ, ಬಲಗಡೆಯ ಅಂಚಿನಿಂದ ಮೆಲ್ಲಗೆ ಏಳತೊಡಗಿತು.

ಡಾಕ್ಟರು ಅದನ್ನು ನೋಡಿದರು. ಮುರಿಗೆಪ್ಪ ಅವರು ನೋಡಿದ್ದನ್ನು ನೋಡಿದ. ಬಾಗಿಲಲ್ಲಿ ಅಧಿಕಾರಿ, “ಹೂಂ, ಹೂಂ, ಎರಡು ಲಾರಿ,” ಎನ್ನುತ್ತಿದ್ದ.

ಮುರಿಗೆಪ್ಪ ಸಟ್ಟುಗವನ್ನು ತಲೆಕೆಳಗಾಗಿ ಹಿಡಿದು, ಏಳುತ್ತಿದ್ದ ದೋಸೆಯ ನಡುವಿಗೆ ಚುಚ್ಚಿದ. ಎಳೆದ. ಹರಿದ. ಅಡ್ಡಕ್ಕೆ ಕೆರೆದು, ಉದ್ದಕ್ಕೆ ಕೆರೆದು, ಚಿಂದಿಯನ್ನು ಗುಡ್ಡೆ ಮಾಡಿ ತಟ್ಟೆಗೆ ಹಾಕಿದ. ಏಳುತ್ತಿದ್ದ ದೋಸೆಯನ್ನು ಹರಿದು ಅವನ ಕೈಗೆ ಅಭ್ಯಾಸವಿರಲಿಲ್ಲ. ತಟ್ಟೆಯನ್ನು ಡಾಕ್ಟರ ಮುಂದಿಟ್ಟು, ತಲೆ ತಗ್ಗಿಸಿ ನಿಂತ. ಹಾಲಮ್ಮ ಚಟ್ನಿಯ ಸೌಟನ್ನು ಹಿಡಿದವಳು ಹಿಡಿದಂತೆಯೇ ನಿಂತಳು.

ಡಾಕ್ಟರು ಒಂದು ಚೂರನ್ನು ಬಾಯಿಗಿಟ್ಟುಕೊಂಡರು. ಅಗಿದರು. ಇನ್ನೊಂದು ಚೂರು. ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದರು.

“ಏನ್ ಮೇಡಂ, ಎದ್ದಿದೆಯಾ?” ಎಂದು ಅಧಿಕಾರಿ ಅಲ್ಲಿಂದಲೇ ಕೇಳಿದ.

“ಇಲ್ಲ,” ಎಂದರು ಡಾ. ಮಂದಾಕಿನಿ. “ಪೂರ್ತಿ ಅಂಟುತ್ತಿದೆ. ಇನ್ನೂ ಬಹಳ ಕಾಲ ಬೇಕು.” ಎದ್ದು ಕೈ ತೊಳೆದುಕೊಂಡು, ಹೊರಡುವ ಮುಂಚೆ ಮುರಿಗೆಪ್ಪನ ಕಡೆ ತಿರುಗಿ, “ಬೆಲ್ಲ ಸ್ವಲ್ಪ ಕಮ್ಮಿ ಮಾಡಿ,” ಎಂದು ಪಿಸುಗುಟ್ಟಿದರು.

ಜೀಪು ರಸ್ತೆಯ ಆಚೆ ಬದಿಗೆ ಹೋಯಿತು. ಹುಬ್ಬಳ್ಳಿಯ ಸಂಸಾರದ ಯಜಮಾನ ಇದನ್ನೆಲ್ಲ ನೋಡುತ್ತ ಕೂತಿದ್ದವನು, ತನ್ನ ತಟ್ಟೆಗೆ ಬಂದ ಚಿಂದಿಯನ್ನು ಬೆರಳಿನಿಂದ ಕೆದಕಿ ಗಟ್ಟಿಯಾಗಿ ಕೇಳಿದ: “ಅಲ್ರೀ ಯಜಮಾನ್ರ, ಇದಕ್ಕ ನಿಜವಾದ ಮೂಲ ಅಂತ ಬೋರ್ಡ್ ಬ್ಯಾರೆ ಹಾಕೀರಿ? ಇಷ್ಟು ಹರಕು ದ್ವಾಸಿ ನಾ ಎಲ್ಲೂ ಕಂಡಿಲ್ಲ ನೋಡ್ರಿ.”

ಹಿಂದೆಲ್ಲ ಇಂಥ ಮಾತಿಗೆ ಮುರಿಗೆಪ್ಪ ಗಿರಾಕಿಯನ್ನು ತಟ್ಟೆ ಸಮೇತ ರಸ್ತೆಗೆ ನಡೆಸುತ್ತಿದ್ದ. ಇಂದು ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ರಸ್ತೆಯಾಚೆ ಜೀಪು ನಿಂತಿತ್ತು; ಅಧಿಕಾರಿ ಅಲ್ಲಿಯೂ ಬಾಗಿಲಲ್ಲೇ ಫೋನಿನಲ್ಲಿದ್ದ. ಒಳಗೆ ಒಲೆಯ ಮುಂದೆ ಬಗ್ಗಿದ್ದ ಒಂದು ಬೆನ್ನು ಯಾವುದನ್ನೋ ಜೋರಾಗಿ ಕೆರೆಯುತ್ತಿತ್ತು.

“ಇದೇನ್ ಹರಕು ಸಾವ್ಕಾರ್ರೆ,” ಎಂದ ಮುರಿಗೆಪ್ಪ, ಅಧಿಕಾರಿಗೂ ಕೇಳಿಸುವಷ್ಟು ದನಿ ಎತ್ತಿ. “ಆ ಎದುರಿಗೆ ಹೋಗಿ ನೋಡ್ರಿ, ಇನ್ನೂ ಹರಕು. ನನ್ನ ತಮ್ಮಂದೇ ಹೋಟ್ಲು.”